ಐದು ತೊಟ್ಟು ನೀರು

ಕಳೆದ ಅಕ್ಟೋಬರ್ ತಿಂಗಳ ಒಂದು ರಾತ್ರಿ, ಎರಡು ಗಂಟೆಯ ಸುಮಾರಿನಲ್ಲಿ, ನಮ್ಮ ಮನೆಯಲ್ಲಿ ಇಬ್ಬರು ಎಚ್ಚರವಾಗಿದ್ದೆವು. ನನ್ನಾಕೆ ಎಚ್ಚರವಾಗಿದ್ದುದು ನಲ್ಲಿಯಲ್ಲಿ ಕಾವೇರಿ ಬರುವ ಹೊತ್ತೆಂದು. ನಾನು ಎಚ್ಚರವಾಗಿದ್ದುದು ತಾಯಿ ಭುವನೇಶ್ವರಿಯ ಚಿತ್ರಕ್ಕಾಗಿ. ನಮ್ಮ ಕಾಲೇಜಿನ ಕನ್ನಡ ಸಂಘದವರು ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯ ಹೊಣೆಯನ್ನು ನನ್ನ ಹೆಗಲಿಗೆ ಹೊರಿಸಿದ್ದರು. ಹಿಂದಿನ ವರ್ಷಗಳಲ್ಲಾದರೆ ಯಾರಾದರೂ ವಿದ್ಯಾರ್ಥಿ ಕೂತು ಅಂಚಿಗೆ ಬಳ್ಳಿ ಬರೆದು, ನಡುವೆ ದೇವಿಯನ್ನು ಕೂರಿಸಿ, ಮೂರು ದಿನದಲ್ಲಿ ತಂದುಕೊಡುತ್ತಿದ್ದನು. ಈ ಸಲ ನನಗೆ ಹೊಸ ಹುಮ್ಮಸ್ಸು. ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಚಿತ್ರವನ್ನೇ ಬರೆದುಕೊಡುವ ಯಂತ್ರವಿರುವಾಗ ಹುಡುಗರಿಗೇಕೆ ತೊಂದರೆ?

ಕೃತಕ ಬುದ್ಧಿಮತ್ತೆಯೆಂದು ನಾವು ಪಂಡಿತರು ಕರೆಯುವ ಈ ಯಂತ್ರವನ್ನು ನನ್ನ ವಿದ್ಯಾರ್ಥಿಗಳು ‘ಎಐ’ ಎನ್ನುತ್ತಾರೆ. ನಮ್ಮೂರ ಕಡೆ ಗದ್ದೆಯ ಬದುವಿನಿಂದ ಆಳನ್ನು ಕೂಗಿ ಕರೆಯುವ ಸದ್ದಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಆಳು ಎರಡು ಸಲ ಕರೆದರೆ ಗೊಣಗುತ್ತಾನೆ. ಇದು ನಲವತ್ತು ಸಲ ಕರೆದರೂ ಗೊಣಗುವುದಿಲ್ಲ. ಅಲ್ಲಿಯೇ ಇರುವುದು ತೊಡಕು. ಮೊದಲ ಚಿತ್ರದಲ್ಲಿ ದೇವಿಯ ಮುಖ ಸಿನಿಮಾ ತಾರೆಯಂತಿತ್ತು, ಬದಲಿಸೆಂದೆ. ಎರಡನೆಯದರಲ್ಲಿ ಆನೆಗೆ ದಂತ ಮೂರಾಗಿತ್ತು, ಬದಲಿಸೆಂದೆ. ಎಂಟನೆಯ ಚಿತ್ರ ನಿಜವಾಗಿ ಚೆನ್ನಾಗಿತ್ತು, ಆದರೆ ಕೆಳಗೆ ಬರೆದ ‘ಕನ್ನಡ ರಾಜ್ಯೋತ್ಸವ’ವನ್ನು ಕನ್ನಡಿಗನಾಗಲಿ ತೆಲುಗಿನವನಾಗಲಿ ಓದುವಂತಿರಲಿಲ್ಲ. ‘ಜ್ಯೋ’ ಎಂಬ ಅಕ್ಷರ ಬಿಚ್ಚಲಾಗದ ಗಂಟಾಗಿ ಕೂತಿತ್ತು. ಹೀಗೆ ಬದಲಿಸು ಬದಲಿಸೆನ್ನುತ್ತ 43 ಚಿತ್ರಗಳಾದವು.

ಬಿಂದಿಗೆ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದ ನನ್ನಾಕೆ ಕೇಳಿದಳು:

“ಇದಕ್ಕೆಲ್ಲ ಎಷ್ಟು ಕೊಡಬೇಕು?”

“ಒಂದು ಕಾಸೂ ಇಲ್ಲ.”

“ಕಾಸಿಲ್ಲದೆ ಯಾರು ಕೊಡ್ತಾರೆ ಅಂದ್ರೆ? ಯಾರ ಮನೆ ನೀರೋ ಹರಿದುಹೋಗ್ತಿರಬೇಕು.”

ಆಕೆ ಆಡಿದ್ದು ವಾಡಿಕೆಯ ಮಾತು. 2024ರ ಬೇಸಗೆಯ ತರುವಾಯ ನಮ್ಮ ಮನೆಯಲ್ಲಿ ಸಕಲ ಪದಾರ್ಥಗಳಿಗೂ ಬಿಂದಿಗೆಯೇ ಅಳತೆ. ಆ ಮಾರ್ಚ್ ತಿಂಗಳನ್ನು ಬೆಂಗಳೂರಿನವರಿಗೆ ನೆನಪಿಸಬೇಕಾಗಿಲ್ಲ. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900ರಷ್ಟು ಬತ್ತಿಹೋಗಿವೆಯೆಂದು ಉಪಮುಖ್ಯಮಂತ್ರಿಗಳೇ ಹೇಳಿದ್ದರು. ಕಾರು ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ ಕುಡಿಯುವ ನೀರನ್ನು ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಲಿ ಸಾರಿತ್ತು. ನಮ್ಮ ಬೀದಿಗೆ ಟ್ಯಾಂಕರ್ ಬಂದ ದಿನ, ಅದರ ಹಿಂದೆ ಕೊಡ ಹಿಡಿದು ಓಡಿದವರಲ್ಲಿ ಎಂ.ಎ. ಪದವೀಧರನಾದ ನಾನೂ ಒಬ್ಬ. ಅಂದಮೇಲೆ ಆಕೆಯ ಬಾಯಲ್ಲಿ ಖರ್ಚೆಂದರೆ ನೀರೆಂದೇ ಬರುವುದು ಸಹಜ. ಆದರೆ ಅರಿಯದೆ ಆಡಿದ ಆ ಮಾತು ಅಕ್ಷರಶಃ ನಿಜವೆಂದು ನನಗೆ ತಿಳಿದದ್ದು ಮರುದಿನ, ಅಧ್ಯಾಪಕರ ಕೊಠಡಿಯಲ್ಲಿ.

ನಮ್ಮ ಭೌತಶಾಸ್ತ್ರದ ಸಹೋದ್ಯೋಗಿಗಳೊಬ್ಬರಿದ್ದಾರೆ. ಲೆಕ್ಕವಿಲ್ಲದೆ ಮಾತನಾಡುವವರಲ್ಲ. ನಾನು ರಾತ್ರಿಯ ಕತೆಯನ್ನು ಹೇಳಿದಾಗ ಅವರು ನಕ್ಕರು. “ಮೇಷ್ಟ್ರೇ, ಒಂದು ಪ್ರಶ್ನೆಗೆ ಐದು ತೊಟ್ಟು ನೀರು. ಗೂಗಲಿನವರೇ 2025ರ ಆಗಸ್ಟಿನಲ್ಲಿ ಪ್ರಕಟಿಸಿದ ಲೆಕ್ಕ ಇದು. 0.26 ಮಿಲಿಲೀಟರ್ ನೀರು, 0.24 ವ್ಯಾಟ್-ಗಂಟೆ ವಿದ್ಯುತ್ತು. ಊಟವಾದ ಮೇಲೆ ನೀವು ಬಾಯಿ ಮುಕ್ಕಳಿಸಿ ಉಗಿದಿರಲ್ಲ, ಆ ನೀರಿನಲ್ಲಿ ಇನ್ನೂರು ಪ್ರಶ್ನೆ ಕೇಳಬಹುದಿತ್ತು” ಎಂದರು. 0.24 ವ್ಯಾಟ್-ಗಂಟೆಯೆಂದರೆ ಒಂಬತ್ತು ವ್ಯಾಟಿನ ಎಲ್‌ಇಡಿ ದೀಪವೊಂದು ಒಂದೂವರೆ ನಿಮಿಷಕ್ಕಿಂತ ತುಸು ಹೆಚ್ಚು ಉರಿದಷ್ಟು. ನಾನು ಸಮಾಧಾನಗೊಂಡು ತರಗತಿಗೆ ಹೋದೆ. ಪಾಠ ನಡೆಯುತ್ತಿದ್ದಂತೆಯೇ ಸಮಾಧಾನ ಸವೆಯತೊಡಗಿತು. ಸಂಜೆ ಆ ಲೆಕ್ಕದ ಮೂಲವನ್ನು ಹುಡುಕಿ ಓದಿದೆ. ಓದುಗರಿಗೂ ಅದನ್ನು ಒಪ್ಪಿಸುತ್ತೇನೆ. ಅಂಕಿಗಳೆಂದರೆ ಹುಬ್ಬು ಗಂಟಿಕ್ಕುವವರು ಒಂದೆರಡು ಕಂಡಿಕೆ ಸೈರಿಸಿಕೊಳ್ಳಬೇಕು.

ಆ ಐದು ತೊಟ್ಟು ಸುಳ್ಳಲ್ಲ. ಆದರೆ ಅದು ಬರಹದ ಪ್ರಶ್ನೆಗೆ ಬರಹದ ಉತ್ತರ ಕೊಡುವಾಗಿನ ನಡುಮಟ್ಟದ ಲೆಕ್ಕ. ಚಿತ್ರದ್ದಲ್ಲ, ಚಲಚ್ಚಿತ್ರದ್ದಂತೂ ಅಲ್ಲ. ಯಂತ್ರಕ್ಕೆ ಮೊದಲು ವಿದ್ಯೆ ಕಲಿಸಲು ತಿಂಗಳುಗಟ್ಟಲೆ ಸುಟ್ಟ ವಿದ್ಯುತ್ತು ಅದರಲ್ಲಿಲ್ಲ. ನೀರಿನ ಲೆಕ್ಕವೂ ಯಂತ್ರಾಗಾರದ ಆವರಣದೊಳಗೆ ತಂಪಿಗಾಗಿ ಬಳಸಿದ್ದು ಮಾತ್ರ. ಆ ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರದಲ್ಲಿ ಆವಿಯಾದ ನೀರು ಸೇರಿಲ್ಲ. ಕಲ್ಲಿದ್ದಲಿನ ಸ್ಥಾವರವೆಷ್ಟು ನೀರು ಕುಡಿಯುತ್ತದೆಂಬುದನ್ನು ರಾಯಚೂರಿನ ಶಕ್ತಿನಗರದವರನ್ನು ಕೇಳಬೇಕು. ಅದು ಕೃಷ್ಣೆಯ ದಡದಲ್ಲಿ ನೆಲೆನಿಂತದ್ದು ತೀರ್ಥಸ್ನಾನಕ್ಕಲ್ಲ.

ಇನ್ನು ನನ್ನ 43 ಚಿತ್ರಗಳ ಪಾಪದ ಲೆಕ್ಕ. ಸಾಶಾ ಲುಚಿಯೋನಿ ಎಂಬ ಸಂಶೋಧಕಿ ಇನ್ನಿಬ್ಬರೊಡನೆ ಸೇರಿ 2023ರಲ್ಲಿ 88 ಮಾದರಿಗಳನ್ನು ಅಳೆದರು. ಸಾವಿರ ಸಲ ಬರಹ ಬರೆಯಲು ಸರಾಸರಿ 0.047 ಯೂನಿಟ್ ಬೇಕಾದರೆ, ಸಾವಿರ ಚಿತ್ರಗಳಿಗೆ 2.9 ಯೂನಿಟ್ ಬೇಕಾಯಿತು. ಅಂದರೆ ಅರವತ್ತು ಪಾಲು. ಅದೇ ಅಳತೆಯನ್ನು ಹಿಡಿದರೆ, ಆ ರಾತ್ರಿ ನಾನು ಒಂಬತ್ತು ವ್ಯಾಟಿನ ದೀಪವೊಂದನ್ನು ಸಂಜೆ ಆರರಿಂದ ಮರುದಿನ ಬೆಳಿಗ್ಗೆ ಎಂಟರವರೆಗೆ ಖಾಲಿ ಕೋಣೆಯಲ್ಲಿ ಉರಿಸಿದಂತಾಯಿತು. ಇದು ಮಹಾಪಾತಕವೇನೂ ಅಲ್ಲವೆಂದು ಭೌತಶಾಸ್ತ್ರದವರ ಜೊತೆ ನಾನೂ ಒಪ್ಪುತ್ತೇನೆ. ಆದರೆ ನಮ್ಮ ಮನೆಯಲ್ಲಿ ಯಾರಾದರೂ ಹಾಗೆ ದೀಪ ಉರಿಸಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆನೆ?

ವಿದ್ಯುತ್ತು ಸರಿ, ನೀರೇಕೆ ಎಂದು ಕೆಲವರು ಕೇಳಬಹುದು. ನಮ್ಮಜ್ಜಿಯ ಮನೆಯ ಜಗಲಿಯ ಮೂಲೆಯಲ್ಲಿ ಮರಳಿನ ಮೇಲೆ ಕೂರಿಸಿದ ಮಣ್ಣಿನ ಹೂಜಿಯೊಂದಿತ್ತು. ಬೇಸಗೆಯಲ್ಲಿ ಅದರ ಮೈ ಸದಾ ಬೆವರುತ್ತಿತ್ತು. ಆ ಬೆವರು ಆರುವಾಗ ಶಾಖವನ್ನೂ ತನ್ನೊಡನೆ ಕೊಂಡೊಯ್ಯುತ್ತದೆ. ಒಳಗಿನ ನೀರು ತಣ್ಣಗಾಗುತ್ತದೆ. ದತ್ತಾಂಶ ಕೇಂದ್ರಗಳೆನ್ನುವ ಯಂತ್ರಾಗಾರಗಳಲ್ಲಿ ಅನೇಕವು ಇದೇ ಅಜ್ಜಿಯ ವಿದ್ಯೆಯನ್ನು ಅನುಸರಿಸುತ್ತವೆ. ಹಗಲಿರುಳೂ ಲೆಕ್ಕ ಹಾಕುವ ಸಾವಿರಾರು ಚಿಪ್ಪುಗಳು ಕಾದು ಕೆಂಡವಾಗದಂತೆ, ಎತ್ತರದ ತಂಪುಗೋಪುರಗಳಲ್ಲಿ ನೀರನ್ನು ಆವಿಯಾಗಿಸಿ ಶಾಖವನ್ನು ಆಕಾಶಕ್ಕೆ ಬಿಡುತ್ತವೆ. ಸ್ನಾನದ ನೀರು ಚರಂಡಿಗೆ ಹೋಗಿ, ಶುದ್ಧಿಯಾಗಿ, ಮತ್ತೆ ಎಲ್ಲಿಯಾದರೂ ಬಳಕೆಗೆ ಬಂದೀತು. ಆವಿಯಾಗಿ ಹೋದ ನೀರು ಆ ಊರಿನ ಪಾಲಿಗೆ ಹೋದಂತೆಯೇ. ಮಳೆಯಾಗಿ ಬಿದ್ದರೂ ಯಾವ ಊರಿನ ಕೆರೆಗೋ. ನೀರು ಬೇಡವೆಂದು ದೊಡ್ಡ ಏರ್ ಕಂಡಿಷನರ್‌ಗಳಂಥ ಯಂತ್ರಗಳಿಂದ ತಂಪುಮಾಡಬಹುದು. ಆಗ ವಿದ್ಯುತ್ತು ಹೆಚ್ಚು ಬೇಕು. ಒಂದನ್ನು ಉಳಿಸಹೋದರೆ ಇನ್ನೊಂದು ಹೆಚ್ಚುವ ಈ ಜಗ್ಗಾಟದಲ್ಲಿ, ಯಾವ ಊರಿನಲ್ಲಿ ಯಾವುದು ವಿರಳವೋ ಅದನ್ನು ಉಳಿಸುವುದೇ ವಿವೇಕ. ಅದಕ್ಕಾಗಿ ಮೊದಲು ಆ ಊರಿನವರಿಗೆ ಲೆಕ್ಕ ಗೊತ್ತಿರಬೇಕಷ್ಟೆ.

ಈ ಲೆಕ್ಕ ಕೇಳಿದ ಊರೊಂದರ ಕತೆಯುಂಟು. ಅಮೆರಿಕದ ಓರೆಗಾನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಡದಲ್ಲಿ, ದ ಡ್ಯಾಲ್ಸ್ ಎಂಬ ಊರಿದೆ. ಜನ ಹದಿನಾರು ಸಾವಿರದಷ್ಟು. ನಮ್ಮ ಕಡೆಯ ಒಂದು ಸಣ್ಣ ತಾಲ್ಲೂಕು ಪಟ್ಟಣದಷ್ಟು ಅಷ್ಟೆ. ಗೂಗಲ್ ಸಂಸ್ಥೆ 2006ರಲ್ಲಿ ತನ್ನ ಸ್ವಂತದ ದೊಡ್ಡ ಯಂತ್ರಾಗಾರವನ್ನು ಮೊದಲು ತೆರೆದದ್ದು ಅಲ್ಲಿಯೇ. ಕಾರಣ, ಬದಿಯಲ್ಲೇ ಇದ್ದ ಅಣೆಕಟ್ಟಿನ ಅಗ್ಗದ ವಿದ್ಯುತ್ತು. ವರ್ಷಗಳುರುಳಿದಂತೆ ಕಟ್ಟಡಗಳು ಹೆಚ್ಚಿದವು. 2021ರಲ್ಲಿ ‘ಓರೆಗೋನಿಯನ್’ ಪತ್ರಿಕೆ, ಈ ಯಂತ್ರಾಗಾರ ವರ್ಷಕ್ಕೆಷ್ಟು ನೀರು ಬಳಸುತ್ತಿದೆಯೆಂದು ಪುರಸಭೆಯನ್ನು ಕೇಳಿತು. ಸರಳವಾದ ಪ್ರಶ್ನೆ. ನಮ್ಮ ಮನೆಯ ನೀರಿನ ಮೀಟರನ್ನು ಯಾರಾದರೂ ಓದಬಹುದು. ಆದರೆ ಪುರಸಭೆ, ಅದು ವ್ಯಾಪಾರದ ಗುಟ್ಟೆಂದು ಹೇಳಿ, ಪತ್ರಿಕೆಗೆ ಅದನ್ನು ಕೊಡದಂತೆ ನ್ಯಾಯಾಲಯಕ್ಕೆ ಹೋಯಿತು! ಊರಿನ ನೀರು ಊರಿನವರಿಗೆ ಗುಟ್ಟು. ಹದಿಮೂರು ತಿಂಗಳು ವ್ಯಾಜ್ಯ ನಡೆದು, 2022ರ ಡಿಸೆಂಬರಿನಲ್ಲಿ ರಾಜಿಯಾಗಿ ಲೆಕ್ಕ ಹೊರಬಂತು. 2021ರಲ್ಲಿ ಬಳಸಿದ ನೀರು 35.5 ಕೋಟಿ ಗ್ಯಾಲನ್, ಲೀಟರಿನಲ್ಲಿ 134 ಕೋಟಿ. ಊರು ಬಳಸಿದ ಒಟ್ಟು ನೀರಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು. ಐದು ವರ್ಷಗಳಲ್ಲಿ ಅದು ಮೂರುಪಟ್ಟಿನ ಸಮೀಪಕ್ಕೆ ಏರಿತ್ತು. ಊರಿನ ನೀರಿನ ಕಾಮಗಾರಿಗಳಿಗೆ ಸಂಸ್ಥೆ ಹಣ ಕೊಡಲು ಒಪ್ಪಿತ್ತೆಂಬುದನ್ನೂ ಹೇಳಬೇಕು, ಇಲ್ಲವಾದರೆ ನ್ಯಾಯವಾಗದು. ಆದರೆ ಕೊಟ್ಟ ಹಣವೆಷ್ಟೆಂದು ಹೇಳುವ ಬಾಯಿ ಕೊಂಡ ನೀರೆಷ್ಟೆಂದು ಹೇಳಲು ಹದಿಮೂರು ತಿಂಗಳು ತೆಗೆದುಕೊಂಡದ್ದೇಕೆ?

ಆ ಊರಿನ ವಿಷಯದಲ್ಲಿ ನನ್ನ ಮನಸ್ಸನ್ನು ಇನ್ನೂ ಕಾಡುವುದು ಬೇರೊಂದು ಸಂಗತಿ. ಅಲ್ಲಿಂದ ಕೆಲವೇ ಮೈಲಿ ಮೇಲೆ, ಅದೇ ನದಿಯಲ್ಲಿ, ಸೆಲೈಲೊ ಎಂಬ ಜಲಪಾತವಿತ್ತು. ಅಲ್ಲಿನ ಮೂಲನಿವಾಸಿಗಳು ಸಹಸ್ರಾರು ವರ್ಷಗಳಿಂದ ಮರದ ಅಟ್ಟಣೆಗಳ ಮೇಲೆ ನಿಂತು ಬಲೆಯೊಡ್ಡಿ ಸಾಮನ್ ಮೀನು ಹಿಡಿಯುತ್ತಿದ್ದ ಜಾಗ. ಸುತ್ತಣ ಬುಡಕಟ್ಟುಗಳಿಗೆಲ್ಲ ಅದೇ ಸಂತೆ, ಅದೇ ಜಾತ್ರೆ. 1957ರ ಮಾರ್ಚ್ 10ರಂದು ದ ಡ್ಯಾಲ್ಸ್ ಅಣೆಕಟ್ಟಿನ ಬಾಗಿಲುಗಳನ್ನು ಮುಚ್ಚಿದರು. ದಡದಲ್ಲಿ ಜನ ನೋಡುತ್ತ ನಿಂತಿದ್ದಂತೆಯೇ, ಕೆಲವೇ ಗಂಟೆಗಳಲ್ಲಿ ಜಲಪಾತ ಮುಳುಗಿತು. ಅದರ ಭೋರ್ಗರೆತ ನಿಂತಿತು. ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಅಲ್ಯೂಮಿನಿಯಂ ಕರಗಿಸಲು ಹೋಯಿತು. ಆ ಕುಲುಮೆ ತಣ್ಣಗಾದ ಮೇಲೆ ಯಂತ್ರಬುದ್ಧಿಯ ಪಾಳಿ ಬಂತು. ಬೇರೆ ದೇಶದ ಕತೆಯೆಂದು ದೂರ ನಿಲ್ಲುವಂತೆಯೂ ಇಲ್ಲ. ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನದಿ ಯಾರದಾದರೂ ಇರಲಿ, ತಂತಿಯ ಇನ್ನೊಂದು ತುದಿ ಯಾವಾಗಲೂ ಹೆಚ್ಚು ಬೆಲೆ ಕೊಡುವವನ ಕೈಯಲ್ಲಿ.

ಭೌತಶಾಸ್ತ್ರದವರಿಗೆ ಈ ಕತೆ ಹೇಳಿದಾಗ ಅವರು ಸುಮ್ಮನಾಗಲಿಲ್ಲ. ಸುಮ್ಮನಾಗುವವರೂ ಅಲ್ಲ. “ಒಂದೊಂದು ಪ್ರಶ್ನೆಯ ಖರ್ಚು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯಲ್ಲ! ಒಂದೇ ವರ್ಷದಲ್ಲಿ 33ನೇ ಒಂದು ಪಾಲಿಗೆ ಇಳಿಸಿದ್ದೇವೆಂದು ಗೂಗಲಿನವರು ಹೇಳುತ್ತಾರೆ” ಎಂದರು. ಮಾತು ಸರಿ. ಆದರೆ ಅದೇ ಸಂಸ್ಥೆಯ ಯಂತ್ರಾಗಾರಗಳ ಒಟ್ಟು ವಿದ್ಯುತ್ ಬಳಕೆ 2024ರಲ್ಲಿ ಹಿಂದಿನ ವರ್ಷಕ್ಕಿಂತ ನೂರಕ್ಕೆ 27ರಷ್ಟು ಏರಿತು. ಇಳಿದ ಖರ್ಚು ಎಲ್ಲಿ ಹೋಯಿತು? 1865ರಲ್ಲಿ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಕಲ್ಲಿದ್ದಲಿನ ಬಗ್ಗೆ ಬರೆದ ಪುಸ್ತಕದಲ್ಲಿಯೇ ಇದಕ್ಕೆ ಉತ್ತರವಿದೆ. ಉಗಿಯಂತ್ರಗಳು ಕಡಮೆ ಕಲ್ಲಿದ್ದಲಿನಲ್ಲಿ ಓಡತೊಡಗಿದಾಗ ಕಲ್ಲಿದ್ದಲು ಉಳಿಯಲಿಲ್ಲ, ಯಂತ್ರಗಳೇ ಹೆಚ್ಚಿದವು. ಶ್ಯಾವಿಗೆ ಒತ್ತುವ ಮಣೆ ಮನೆಗೊಂದು ಬಂದ ಮೇಲೆ ಜನ ಶ್ಯಾವಿಗೆ ತಿನ್ನುವುದನ್ನು ಕಡಮೆ ಮಾಡಿದರೆ?

ಓಪನ್‌ಎಐ ಸಂಸ್ಥೆಯ ಮುಖ್ಯಸ್ಥರಾದ ಸ್ಯಾಮ್ ಆಲ್ಟ್‌ಮನ್ 2025ರ ಜೂನಿನಲ್ಲಿ, ತಮ್ಮ ಯಂತ್ರ ಒಂದು ಪ್ರಶ್ನೆಗೆ ಸರಾಸರಿ 0.34 ವ್ಯಾಟ್-ಗಂಟೆ ಬಳಸುತ್ತದೆಂದು ಬರೆದರು. ಮರುತಿಂಗಳು ಅದೇ ಸಂಸ್ಥೆ, ದಿನಕ್ಕೆ 250 ಕೋಟಿ ಪ್ರಶ್ನೆಗಳು ಬರುತ್ತಿವೆಯೆಂದಿತು. ಎರಡನ್ನೂ ಗುಣಿಸಿ ನೋಡಿ: ದಿನಕ್ಕೆ ಎಂಟೂವರೆ ಲಕ್ಷ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಬಳಸುವ ಎರಡೂವರೆ ಲಕ್ಷ ಮನೆಗಳ ಬಳಕೆ. ಒಂದು ತೊಟ್ಟನ್ನು ಹನಿಯೆನ್ನಬಹುದು, 250 ಕೋಟಿಯನ್ನು ಹನಿಯೆನ್ನಲಾದೀತೆ? ಜಗತ್ತಿನ ದತ್ತಾಂಶ ಕೇಂದ್ರಗಳೆಲ್ಲ ಸೇರಿ 2024ರಲ್ಲಿ ಬಳಸಿದ್ದು 41,500 ಕೋಟಿ ಯೂನಿಟ್, ಜಗತ್ತಿನ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೂವರೆ ಪಾಲು. 2030ರ ವೇಳೆಗೆ ಇದು ಎರಡುಪಟ್ಟನ್ನೂ ದಾಟುವುದೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಇದೆಲ್ಲವೂ ಕೃತಕ ಬುದ್ಧಿಮತ್ತೆಯ ಖರ್ಚೇ ಅಲ್ಲ. ಆದರೆ ಏರಿಕೆಗೆ ಮುಖ್ಯ ಕಾರಣ ಅದೇ. ಜಗತ್ತಿನ ಸರಾಸರಿಯೂ ನಮ್ಮನ್ನು ಮರುಳು ಮಾಡಬಾರದು. ಐರ್ಲೆಂಡಿನಂಥ ಪುಟ್ಟ ದೇಶದಲ್ಲಿ 2024ರಲ್ಲಿ ಮೀಟರಿಗೆ ಸಿಕ್ಕ ವಿದ್ಯುತ್ತಿನಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಈ ಕೇಂದ್ರಗಳಿಗೇ ಹೋಯಿತು.

ಇದೇ ಆಲ್ಟ್‌ಮನ್ ಅವರನ್ನು, ಜನ ಯಂತ್ರಕ್ಕೆ ‘ದಯವಿಟ್ಟು’, ‘ಧನ್ಯವಾದ’ ಎನ್ನುವುದರಿಂದ ಎಷ್ಟು ಖರ್ಚಾಗುತ್ತದೆಂದು ಯಾರೋ ಕೇಳಿದರಂತೆ. ಹಲವು ಕೋಟಿ ಡಾಲರ್, ಆದರೆ ಸದ್ವ್ಯಯವೇ, ಎಂಬರ್ಥದ ಉತ್ತರ ಬಂತು. ವಿನೋದವೋ ನಿಜವೋ, ಕನ್ನಡಿಗರಿಗೆ ಇದರಲ್ಲಿ ಭಯವಿಲ್ಲ. ಊಟ ಬಡಿಸಿದ ತಾಯಿಗೆ ಧನ್ಯವಾದ ಹೇಳುವ ಪದ್ಧತಿಯೇ ನಮ್ಮಲ್ಲಿಲ್ಲ. ‘ಹೊಟ್ಟೆ ತುಂಬಿತು’ ಎಂದು ಏಳುತ್ತೇವೆ, ಆಕೆಗೆ ಅಷ್ಟು ಸಾಕು.

ಆದರೆ ಬೇರೊಂದು ಬಗೆಯಲ್ಲಿ ಕನ್ನಡಿಗನ ಪ್ರಶ್ನೆಯೇ ದುಬಾರಿ. ಕನ್ನಡ ಅಧ್ಯಾಪಕನಾಗಿ ಇದನ್ನು ಹೇಳದೆ ಮುಂದೆ ಹೋಗಲಾರೆ. ‘ಲಕ್ಷ್ಮೀ’ ಎಂಬ ಪದವನ್ನು ತೆಗೆದುಕೊಳ್ಳಿ. ನಮಗದು ಎರಡೇ ಅಕ್ಷರ. ಯಂತ್ರದ ಕಡತದಲ್ಲಿ ಅದು ಲಕಾರ, ಕಕಾರ, ಒಂದು ವಿರಾಮ, ಷಕಾರ, ಇನ್ನೊಂದು ವಿರಾಮ, ಮಕಾರ, ಈಕಾರದ ಗುಣಿತ, ಹೀಗೆ ಏಳು ಗುರುತುಗಳು. ಒಂದೊಂದಕ್ಕೂ ಮೂರು ಬೈಟು, ಒಟ್ಟು 21. ಇಂಗ್ಲಿಷಿನ ಏಳಕ್ಷರಕ್ಕೆ ಏಳೇ ಬೈಟು. ಕೇಶಿರಾಜನು ನೋಡಿದ್ದರೆ ಒತ್ತಕ್ಷರವನ್ನು ಹೀಗೆ ಕಡಿದುಹಾಕಿದ್ದಕ್ಕೆ ಒಂದು ಸೂತ್ರವನ್ನೇ ಬರೆಯುತ್ತಿದ್ದನೋ ಏನೋ! ಯಂತ್ರವು ಬರಹವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದುಕೊಂಡು ಓದುತ್ತದೆ. ತುಣುಕು ಹೆಚ್ಚಿದಷ್ಟೂ ಲೆಕ್ಕ ಹೆಚ್ಚು, ಲೆಕ್ಕ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಇಂಗ್ಲಿಷಿಗೆಂದು ಮಾಡಿದ ಕತ್ತರಿಯಲ್ಲಿ ಕನ್ನಡ ಪುಡಿಪುಡಿಯಾಗುತ್ತದೆ. 2024ರ ಮೇ ತಿಂಗಳಲ್ಲಿ ಓಪನ್‌ಎಐ ಹೊಸ ಕತ್ತರಿಯನ್ನು ತಂದಾಗ, ನಮ್ಮ ನೆರೆಯ ತೆಲುಗಿನ ತುಣುಕುಗಳು ಮೂರೂವರೆ ಪಾಲು ಕಡಮೆಯಾದವೆಂದು ತೋರಿಸಿತು. ಅಂದರೆ ಅದಕ್ಕೆ ಮೊದಲು ತೆಲುಗಿನವನು ಅದೇ ಮಾತಿಗೆ ಅಷ್ಟು ಹೆಚ್ಚು ತುಣುಕು ತೆರುತ್ತಿದ್ದನು. ‘ಹಾಗಾದರೆ ಪರಿಸರದ ಹಿತಕ್ಕಾಗಿ ಇಂಗ್ಲಿಷಿನಲ್ಲಿಯೇ ಕೇಳೋಣವೆ?’ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಖಂಡಿತವಾಗಿಯೂ ಇಲ್ಲವೆಂದು. ಕತ್ತರಿ ಮೊಂಡಾಗಿದ್ದರೆ ಸಾಣೆ ಹಿಡಿಸಬೇಕಾದವನು ಕತ್ತರಿ ಮಾಡಿದವನು, ಬಟ್ಟೆ ತಂದವನಲ್ಲ.

ಇಷ್ಟೆಲ್ಲ ಓದಿದ ಮೇಲೆ ನನ್ನಲ್ಲಿ ಕೆಲವು ಅಭ್ಯಾಸಗಳು ಬದಲಾದವು. ಕಿಟ್ಟೆಲ್ ನಿಘಂಟು ಬೆನ್ನ ಹಿಂದಿನ ಕಪಾಟಿನಲ್ಲಿ ಕೂತಿರುವಾಗ ಪದದ ಅರ್ಥಕ್ಕೆ ಸಮುದ್ರದಾಚೆಯ ಯಂತ್ರವನ್ನು ಎಬ್ಬಿಸುವುದನ್ನು ಬಿಟ್ಟೆ. ಕೇಳುವ ಮೊದಲು ಏನು ಕೇಳಬೇಕೆಂದು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಹಾಗೆ ಬರೆದಾಗ ಅರ್ಧ ಪ್ರಶ್ನೆಗಳಿಗೆ ಉತ್ತರ ನನಗೇ ಹೊಳೆಯುತ್ತದೆ. ಸಣ್ಣ ಕೆಲಸಕ್ಕೆ ಸಣ್ಣ ಮಾದರಿ ಸಾಕೆಂಬುದೂ ತಿಳಿಯಿತು. ಸೊಳ್ಳೆಗೆ ಫಿರಂಗಿ ಹೂಡುವ ಅಗತ್ಯವಿಲ್ಲ. ಚಿತ್ರಗಳನ್ನಂತೂ ಪೂರ್ತಿ ನಿಲ್ಲಿಸಿದೆ. ಆಮಂತ್ರಣ ಪತ್ರಿಕೆಯ ದೇವಿಯನ್ನು ಕೊನೆಗೆ ಎರಡನೆಯ ಬಿ.ಎ.ಯ ಹುಡುಗಿಯೊಬ್ಬಳು ಬರೆದುಕೊಟ್ಟಳು. ‘ಮೊದಲೇ ನನಗೆ ಹೇಳಬಹುದಿತ್ತಲ್ಲ ಸಾರ್’ ಎಂದಳು. ಆ ಮಾತಿನಲ್ಲಿ ಸಣ್ಣದೊಂದು ನೋವಿತ್ತು. ಅದನ್ನು ಯಾವ ಯೂನಿಟ್ಟಿನಲ್ಲಿ ಅಳೆಯಬೇಕೆಂಬುದನ್ನು ಭೌತಶಾಸ್ತ್ರದವರೂ ಹೇಳಿಕೊಡಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಈ ವಾರದ ಅಂಕಣ ನನಗೆ ಕೀರ್ತಿ ತರುವಂತಿತ್ತು. ಮುಂದಿನದನ್ನು ಹೇಳದಿದ್ದರೆ ಮಾತ್ರ ಅಪ್ರಾಮಾಣಿಕನಾಗುತ್ತೇನೆ.

ಹೊಸದಾಗಿ ಜ್ಞಾನ ಪಡೆದವನಿಗೆ ಉಪದೇಶದ ತುರಿಕೆ ತಡೆಯುವುದಿಲ್ಲ. ಒಂದು ದಿನ ಕೊನೆಯ ವರ್ಷದ ತರಗತಿಯಲ್ಲಿ ಪಾಠವನ್ನು ಬದಿಗಿಟ್ಟು ಅರ್ಧ ಗಂಟೆ ಈ ವಿಷಯವಾಗಿಯೇ ಮಾತನಾಡಿದೆ. ಸೆಲೈಲೊ ಜಲಪಾತವನ್ನು ವರ್ಣಿಸಿದೆ. 6,900 ಬಾವಿಗಳನ್ನು ಎಣಿಸಿದೆ. ‘ಈ ಯಂತ್ರವನ್ನು ಎಬ್ಬಿಸುವ ಪ್ರತಿ ಸಲವೂ ಯಾರದೋ ಕೊಡದಿಂದ ನೀರು ಕದಿಯುತ್ತಿದ್ದೀರೆಂದು ತಿಳಿಯಿರಿ’ ಎಂದು ನಾಟಕೀಯವಾಗಿ ಮುಗಿಸಿದೆ. ತರಗತಿ ಸ್ತಬ್ಧವಾಗಿತ್ತು. ನನಗೆ ಬಹಳ ಸಂತೋಷವಾಯಿತು.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಬೆಂಚುಗಳನ್ನು ಕೈಯಿಂದ ತಡವುತ್ತ ನನ್ನ ಮೇಜಿನ ಬಳಿಗೆ ಬಂದನು. ಹುಟ್ಟಿನಿಂದಲೇ ಅವನಿಗೆ ಕಣ್ಣು ಕಾಣದು. ನಮ್ಮ ಗ್ರಂಥಾಲಯದ ಹಳೆಯ ಪುಸ್ತಕಗಳು ಬ್ರೈಲಿನಲ್ಲಿಲ್ಲ; ಓದಿ ಹೇಳುವ ಗೆಳೆಯರಿಗೆ ಯಾವಾಗಲೂ ಬಿಡುವಿರುವುದಿಲ್ಲ. ಅವನು ತನ್ನ ಫೋನಿನಿಂದ ಪುಟಗಳ ಚಿತ್ರ ತೆಗೆದು, ಯಂತ್ರದಿಂದ ಓದಿಸಿಕೊಳ್ಳುತ್ತಾನೆ. ಮಸುಕಾದ ಅಚ್ಚು, ಹಳೆಯ ಕಾಗುಣಿತ. ಯಂತ್ರ ತಪ್ಪಿದರೆ ಮತ್ತೆ ತೆಗೆಯುತ್ತಾನೆ, ಮತ್ತೆ ಕೇಳುತ್ತಾನೆ. ಒಂದು ಅಧ್ಯಾಯಕ್ಕೆ ಕೆಲವೊಮ್ಮೆ ನೂರು ಸಲ.

“ಸಾರ್, ನನ್ನ ಲೆಕ್ಕ ತುಂಬ ಆಗುತ್ತೆ ಅಲ್ವಾ? ನಮ್ಮ ಹಾಸ್ಟೆಲಿನಲ್ಲೂ ನೀರಿಗೆ ಕಷ್ಟ ಇದೆ. ನಿಲ್ಲಿಸಬೇಕಾ?” ಎಂದು ಕೇಳಿದನು.

ಅವನ ಧ್ವನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಉಪದೇಶ ತರಗತಿಯಲ್ಲಿದ್ದ ಅರವತ್ತು ಮಂದಿಯ ಪೈಕಿ, ಕೇಳಲೇಬಾರದಾಗಿದ್ದ ಒಬ್ಬನ ಎದೆಗೆ ಮಾತ್ರ ನಾಟಿತ್ತು. ಹಿಂದಿನ ಬೆಂಚಿನಲ್ಲಿ ಕೂತು, ತಮ್ಮ ಮುಖವನ್ನು ರಾಜಕುಮಾರರ ಮುಖವಾಗಿ ಬದಲಿಸಿಕೊಳ್ಳುವ ಮಹಾನುಭಾವರು ಆಗಲೇ ಕ್ಯಾಂಟೀನು ಸೇರಿದ್ದರು. ಯಂತ್ರಾಗಾರ ಎಲ್ಲಿ ನಿಲ್ಲಬೇಕು, ಎಷ್ಟು ನೀರು ಕುಡಿಯಬೇಕು, ಅದರ ಮೀಟರನ್ನು ಯಾರು ಓದಬೇಕೆಂದು ತೀರ್ಮಾನಿಸುವವರು ಯಾರೂ ನನ್ನ ತರಗತಿಯಲ್ಲಿರಲಿಲ್ಲ. ಅವರನ್ನು ಕೇಳುವ ಧೈರ್ಯವನ್ನು ಓರೆಗಾನಿನ ಆ ಪತ್ರಿಕೆ ತೋರಿತ್ತು; ನಾನು ಸುಲಭವಾಗಿ ಕೈಗೆ ಸಿಕ್ಕವರಿಗೆ ಬುದ್ಧಿ ಹೇಳಿದ್ದೆ. 43 ಚಿತ್ರ ಮಾಡಿ ಎಸೆದವನು ನಾನು; ನಿಲ್ಲಿಸಬೇಕೇ ಎಂದು ಕೇಳಿದವನು ಅವನು.

ನಿಲ್ಲಿಸಬೇಡವೆಂದೆ. ಕಾರಣ ಹೇಳಹೋದೆ, ಮಾತು ಸರಿಯಾಗಿ ಬರಲಿಲ್ಲ. ಯಾವ ಪುಸ್ತಕ ಓದುತ್ತಿದ್ದೀಯೆಂದು ಕೇಳಿದೆ. ಚೀಲದಿಂದ ತೆಗೆದು ಕೊಟ್ಟನು. ರಟ್ಟು ಕಳಚಿದ, ಹಳದಿಯಾದ, ನಮ್ಮ ಪಠ್ಯಕ್ಕೆ ಸೇರಿದ ಹಳಗನ್ನಡದ ವ್ಯಾಖ್ಯಾನ. ಕೆಲವು ಪುಟಗಳಲ್ಲಿ ಅಚ್ಚು ಎಷ್ಟು ಮಾಸಿತ್ತೆಂದರೆ ಕಣ್ಣಿದ್ದ ನನಗೇ ಎರಡು ಸಲ ನೋಡಬೇಕಾಯಿತು.

“ಎಲ್ಲಿಯವರೆಗೆ ಬಂದಿದೆ?”

“61ನೇ ಪುಟ ಸಾರ್. ಅಲ್ಲೊಂದು ಪದ್ಯ ಯಂತ್ರಕ್ಕೆ ಬರ್ತಾನೇ ಇಲ್ಲ. ಹನ್ನೆರಡು ಸಲ ಕೇಳಿದೆ.”

ಮುಂದಿನ ಅವಧಿ ನನಗೆ ಬಿಡುವಿತ್ತು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು 61ನೇ ಪುಟವನ್ನು ತೆರೆದೆ.